ಕವಿಯ ಮುಖ, ಚಿತ್ರಕಾರನ ತೋಳು

ಪ್ರೀತಿಯ ಗೆಳೆಯ,

ಡಚ್ಚರ ಹಳೇ ಚಿತ್ರಗಳಲ್ಲಿ ವ್ಯಾಪಾರಿಗಳೇ ಜಾಸ್ತಿ, ಕವಿಗಳ ಚಿತ್ರ ಯಾರು ಬರೆಯುತ್ತಿದ್ದರು ಎಂದು ಕೇಳಿದ್ದೆಯಲ್ಲ. ಬರೆಯುತ್ತಿದ್ದರು ಮಾರಾಯ. ಕವಿಗಳು ಆ ಚಿತ್ರಗಳ ಬಗ್ಗೆ ಮಾತೂ ಆಡುತ್ತಿದ್ದರು, ಅದೇ ಮಜಾ.

ಕಾನ್‌ಸ್ಟಂಟೈನ್ ಹೈಗೆನ್ಸ್‌ನನ್ನೇ ತಗೋ. ಬೆಳಕು ಅಲೆ ಎಂದ ವಿಜ್ಞಾನಿ ಹೈಗೆನ್ಸ್ ಇದ್ದಾನಲ್ಲ, ಅವನ ಅಪ್ಪ. ಕವಿ, ಜೊತೆಗೆ ಹೇಗ್‌ನಲ್ಲಿ ರಾಜಕುಮಾರ ಫ್ರೆಡೆರಿಕ್ ಹೆಂಡ್ರಿಕ್‌ನ ಕಾರ್ಯದರ್ಶಿ. 1628ರ ಸುಮಾರಿಗೆ ಲೈಡನ್ನಿನ ಯಾನ್ ಲೀವೆನ್ಸ್ ಎಂಬ ಹುಡುಗ, ನಿಮ್ಮ ಚಿತ್ರ ಬರೆಯಲೇಬೇಕು ಎಂದು ದುಂಬಾಲು ಬಿದ್ದ. ಅವನಿಗಿನ್ನೂ ಇಪ್ಪತ್ತರ ಆಸುಪಾಸು. ಚಳಿಗಾಲ, ಹಗಲು ಚಿಕ್ಕದು, ಹೈಗೆನ್ಸ್‌ಗೆ ಪುರುಸೊತ್ತಿಲ್ಲ. ಹಾಗಾಗಿ ಬಟ್ಟೆ, ಕೈ ಮಾತ್ರ ಮೊದಲು ಬರೆದ. ಮುಖವನ್ನು ವಸಂತಕ್ಕೆ ಬಿಟ್ಟ. ಮುಗಿದ ಮೇಲೆ ನೋಡಿದವರು, ಇವರ ಲವಲವಿಕೆ ಎಲ್ಲಿ ಹೋಯಿತು ಎಂದರು. ಹೈಗೆನ್ಸ್ ತನ್ನ ಆತ್ಮಕಥೆಯಲ್ಲಿ ಹುಡುಗನ ಪರ ನಿಲ್ಲುತ್ತಾನೆ. ತಪ್ಪು ನನ್ನದೇ, ಆಗ ಮನೆಯದೊಂದು ಚಿಂತೆ ಇತ್ತು, ಒಳಗೇ ಇಟ್ಟುಕೊಳ್ಳಲು ನೋಡಿದೆ, ಮುಖದಲ್ಲಿ ಕಂಡುಬಿಟ್ಟಿತು ಅಂತ. ಅಷ್ಟು ದೊಡ್ಡ ಹುದ್ದೆಯವನು ಹೀಗೆ ಬರೆದದ್ದು ನನಗೆ ತುಂಬಾ ಹಿಡಿಸಿತು.

ಅದೇ ಕಾಲದ ಇನ್ನೊಬ್ಬ ಡಚ್ ಕವಿ ವೊಂಡೆಲ್ ಅಷ್ಟು ಸುಲಭಕ್ಕೆ ಒಪ್ಪುವವನಲ್ಲ. ರೆಂಬ್ರಾಂಟ್ ಬರೆದ ಧರ್ಮಬೋಧಕ ಅನ್ಸ್‌ಲೋನ ಚಿತ್ರದ ಬಗ್ಗೆ ನಾಲ್ಕೇ ಸಾಲಿನ ಪದ್ಯ ಬರೆದ. ಕಣ್ಣಿಗೆ ಕಾಣುವುದು ಅವನಲ್ಲಿ ತೀರಾ ಕಡಿಮೆ, ಅನ್ಸ್‌ಲೋನನ್ನು ನೋಡಬೇಕಾದರೆ ಕೇಳಬೇಕು ಎಂಬುದು ಅದರ ಸಾರ. 1641ರ ದೊಡ್ಡ ಚಿತ್ರದಲ್ಲಿ ಅನ್ಸ್‌ಲೋ ಕೈ ಚಾಚಿ ಮಾತಾಡುತ್ತಿದ್ದಾನೆ, ಪಕ್ಕದಲ್ಲಿ ಹೆಂಡತಿ ಕೇಳುತ್ತಾ ಕೂತಿದ್ದಾಳೆ. ಕವಿಗೆ ಕೊಟ್ಟ ಉತ್ತರವೋ ಏನೋ!

ಇನ್ನು ರೆಂಬ್ರಾಂಟ್‌ನ ಸ್ವಂತ ಮುಖ. 1639ರಲ್ಲಿ ಆಮ್‌ಸ್ಟರ್‌ಡ್ಯಾಂನ ಹರಾಜಿನಲ್ಲಿ ರಾಫೆಲ್ ಬರೆದ ಲೇಖಕ ಕಸ್ಟಿಲ್ಯೋನೆಯ ಚಿತ್ರ ನೋಡಿದ. ಸರಸರ ನಕಲು ಗೀಚಿ, 3500 ಗಿಲ್ಡರ್‌ಗೆ ಹೋಯಿತು ಎಂದು ಪಕ್ಕದಲ್ಲೇ ಬರೆದಿಟ್ಟ. ಕೊಂಡವನ ಬಳಿ ಟಿಷಿಯನ್ ಬರೆದ ಒಂದು ಚಿತ್ರವೂ ಇತ್ತು. ಅದರಲ್ಲಿರುವುದು ಇಟಲಿಯ ಕವಿ ಅರಿಯೋಸ್ತೊ ಎಂದೇ ಆಗ ಎಲ್ಲರೂ ನಂಬಿದ್ದರು. ಮರುವರ್ಷ, 34ರ ವಯಸ್ಸಿನಲ್ಲಿ, ರೆಂಬ್ರಾಂಟ್ ತನ್ನನ್ನು ಅದೇ ಭಂಗಿಯಲ್ಲಿ ಬರೆದುಕೊಂಡ. ನೂರು ವರ್ಷ ಹಿಂದಿನ ಕಾಲದ ಉಡುಪು, ಕಟ್ಟೆಯ ಮೇಲೆ ತೋಳು. ಚಿತ್ರಕಾರರನ್ನು ಗಾಜಿನ ಕೆಲಸದವರು, ಕಸೂತಿಯವರ ಜೊತೆ ಒಂದೇ ಸಂಘಕ್ಕೆ ಸೇರಿಸಿದ್ದ ಊರದು. ಅಲ್ಲಿ ಕವಿಯ ಹಾಗೆ ನಿಂತಿದ್ದಾನೆ!

ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ, ಅವರ ಜಾಲತಾಣದಲ್ಲಿ ದೊಡ್ಡದು ಮಾಡಿ ನೋಡು. ನನಗಂತೂ ಸ್ವಲ್ಪ ಜಂಬವೂ ಕಾಣುತ್ತದೆ. ನಿನಗೇನು ಕಂಡಿತು, ಬರೆ.

ನಿನ್ನವನು