ದಂಡಿನ ರಸ್ತೆಗಳಿಗೆ ಮತ್ತೆ ಹೆಸರಿಡುವ ಮುನ್ನ: ಮುಖ್ಯ ಆಯುಕ್ತರಿಗೊಂದು ಬಹಿರಂಗ ಪತ್ರ

ಇವರಿಗೆ,
ಮುಖ್ಯ ಆಯುಕ್ತರು,
ಬೆಂಗಳೂರು ನಗರಾಡಳಿತ

ವಿಷಯ: ರಸ್ತೆಗಳ ಮರುನಾಮಕರಣ ಮತ್ತು ಆಮೇಲೆ ಆಗದೆ ಉಳಿಯುವ ಕೆಲಸಗಳ ಬಗ್ಗೆ

ಮಾನ್ಯರೇ,

ಶಿವಾಜಿನಗರದಲ್ಲಿ ಆಟೋ ಹತ್ತಿ ‘ಸಂಪಂಗಿ ರಾಮಸ್ವಾಮಿ ದೇವಸ್ಥಾನ ರಸ್ತೆ’ ಎಂದರೆ ಚಾಲಕರು ತಿರುಗಿ ಮುಖ ನೋಡುತ್ತಾರೆ. ‘ಕನ್ನಿಂಗ್‌ಹ್ಯಾಮ್ ರೋಡ್’ ಎಂದರೆ, ಮೀಟರ್ ಹಾಕದಿದ್ದರೂ, ಗಾಡಿಯಂತೂ ಹೊರಡುತ್ತದೆ. ಎರಡೂ ಒಂದೇ ರಸ್ತೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆ ಜನರ ಬಾಯಲ್ಲಿ ಇವತ್ತಿಗೂ ರೆಸಿಡೆನ್ಸಿ ರೋಡೇ, ಜನರಲ್ ತಿಮ್ಮಯ್ಯ ರಸ್ತೆ ರಿಚ್ಮಂಡ್ ರೋಡೇ, ಭಗವಾನ್ ಮಹಾವೀರ ರಸ್ತೆ ಇನ್‌ಫೆಂಟ್ರಿ ರೋಡೇ. ಅದೇ ‘ಸೌತ್ ಪರೇಡ್’ ಎಲ್ಲಿದೆ ಎಂದು ಕೇಳಿ ನೋಡಿ, ಹತ್ತರಲ್ಲಿ ಒಬ್ಬರೂ ಹೇಳಲಾರರು. ಅದು ಎಂ.ಜಿ. ರಸ್ತೆಯಾಗಿ ಎಷ್ಟೋ ಕಾಲವಾಯಿತು. ಆದೇಶದ ಬಲವೇ ಎಲ್ಲವೂ ಆಗಿದ್ದರೆ ಈ ವ್ಯತ್ಯಾಸ ಇರುತ್ತಿರಲಿಲ್ಲ.

1809ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಸೇನೆ ಬಂದು ಹಲಸೂರಿನ ಆಸುಪಾಸಿನಲ್ಲಿ ದಂಡು (ಕಂಟೋನ್ಮೆಂಟ್) ಹೂಡಿತು. ಹಳೆಯ ಊರಾದ ಪೇಟೆಯಲ್ಲಿ ಅಕ್ಕಿ ಮಾರುವಲ್ಲಿ ಅಕ್ಕಿಪೇಟೆ, ಬಳೆ ಮಾರುವಲ್ಲಿ ಬಳೇಪೇಟೆ ಇದ್ದ ಹಾಗೆಯೇ ದಂಡಿನಲ್ಲಿ ಕಾಲಾಳುಗಳಿಂದ ಇನ್‌ಫೆಂಟ್ರಿ ರೋಡ್, ಕುದುರೆ ದಳದಿಂದ ಕ್ಯಾವಲ್ರಿ ರೋಡ್, ಕವಾಯತು ಮೈದಾನದ ದಕ್ಷಿಣಕ್ಕೆ ಸೌತ್ ಪರೇಡ್ ಹುಟ್ಟಿದವು. ಭಾಷೆ ಪರಕೀಯವಾದರೂ ಹೆಸರಿಡುವ ರೀತಿ ನಮ್ಮದೇ. ಅಧಿಕಾರಿಗಳ ಹೆಸರುಗಳು ಇವುಗಳ ಜೊತೆ ಸೇರಿಕೊಂಡವು. 1881ರಲ್ಲಿ ಸಂಸ್ಥಾನ ಒಡೆಯರಿಗೆ ಮರಳಿದರೂ ದಂಡು ಬ್ರಿಟಿಷರ ಕೈಯಲ್ಲೇ ಇತ್ತು; ಮೈಸೂರಿಗೆ ಅದು ಸಿಕ್ಕಿದ್ದು 1947ರಲ್ಲಿ. ಪೇಟೆ ಮತ್ತು ದಂಡಿನ ಪುರಸಭೆಗಳು ಒಂದಾಗಿ ಪಾಲಿಕೆಯಾದದ್ದು 1949ರಲ್ಲಿ. ಸೌತ್ ಪರೇಡಿಗೆ ಗಾಂಧೀಜಿಯ ಹೆಸರು ಬಂದದ್ದು ಇವೆರಡರ ನಡುವೆ, ಅವರು ತೀರಿಕೊಂಡ 1948ರಲ್ಲೇ.

ಎಂ.ಜಿ. ರಸ್ತೆ ಎಂಬ ಹೆಸರು ನೆಲೆನಿಂತದ್ದಕ್ಕೆ ನಮ್ಮ ಲೆಕ್ಕದಲ್ಲಿ ಎರಡು ಕಾರಣ. ಊರಿನ ಬಹುಪಾಲು ಜನ ಇಲ್ಲಿಗೆ ಬಂದದ್ದೇ 1948ರ ನಂತರ; ಅವರು ಮೊದಲು ಕಲಿತ ಹೆಸರು ಹೊಸದು. ಇನ್ನೊಂದು, ಅದನ್ನು ಎರಡಕ್ಷರಕ್ಕೆ ಇಳಿಸಬಹುದಿತ್ತು. ಆ ಎರಡಕ್ಷರದ ಕತೆ ಬೇರೆಯೇ ಇದೆ. ಕೆ.ಜಿ. ರಸ್ತೆ, ಕೆ.ಎಚ್. ರಸ್ತೆ, ಜೆ.ಸಿ. ರಸ್ತೆ, ಎನ್.ಆರ್. ರಸ್ತೆ: ಕೆಂಪೇಗೌಡ, ಕೆಂಗಲ್ ಹನುಮಂತಯ್ಯ, ಜಯಚಾಮರಾಜೇಂದ್ರ, ನರಸಿಂಹರಾಜ ಎಲ್ಲರೂ ಇಂಗ್ಲಿಷ್ ಅಕ್ಷರಗಳಾಗಿದ್ದಾರೆ. ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಕೊಳ್ಳುವ ಎಷ್ಟು ಮಂದಿಗೆ ಸಾದರ ಪತ್ರಪ್ಪ ಗೊತ್ತು? ಎಸ್.ಜೆ.ಪಿ. ಎಂದರೆ ಸಿಲ್ವರ್ ಜುಬಿಲಿ ಪಾರ್ಕ್ ಎಂಬುದೂ ಮರೆತೇ ಹೋಗಿದೆ. ಗೌರವಿಸಲು ಇಟ್ಟ ಉದ್ದ ಹೆಸರು ಗೌರವವನ್ನೇ ನುಂಗಿತು.

ನೃಪತುಂಗ ರಸ್ತೆಯನ್ನು ನೋಡಿ. ಬಿರುದಿಲ್ಲ, ಇನಿಶಿಯಲ್ ಇಲ್ಲ, ಒಂದೇ ಪದ. ಮೊದಲು ಅದು ಸೆನೋಟಾಫ್ ರೋಡ್. 1791ರ ಬೆಂಗಳೂರು ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಕಡೆಯವರ ಸ್ಮಾರಕ ಅಲ್ಲಿತ್ತು. ಕನ್ನಡ ಚಳವಳಿಗಾರರ ಒತ್ತಾಯದ ಮೇಲೆ 1964ರಲ್ಲಿ ಆ ಕಂಬ ಹೋಯಿತು. ತೋರಿಸಲು ಕಂಬವೇ ಇಲ್ಲದ ಮೇಲೆ ಹಳೆಯ ಹೆಸರಿಗೆ ಆಧಾರ ಉಳಿಯಲಿಲ್ಲ. ಕಸ್ತೂರಬಾ ರಸ್ತೆಯೂ ಹೀಗೇ ಬಾಯಿಗೆ ಸಲೀಸಾಗಿ ಬಂತು.

ಈಗ ಕಾಗದದ ಮಾತು. ಹೊಸ ಬೋರ್ಡ್ ನೆಡಲು ಅರ್ಧ ದಿನ ಸಾಕು. ಕಚೇರಿಗಳಿಗೆ ಸುದ್ದಿ ಮುಟ್ಟಲು ವರ್ಷಗಳು ಬೇಕು, ಯಾಕೆಂದರೆ ಅವು ಒಂದೇ ಸರ್ಕಾರದ ಕೈಕೆಳಗಿಲ್ಲ. ಫ್ರೇಜರ್ ಟೌನಿನ ಹೊಸ ಹೆಸರು ಪುಲಕೇಶಿನಗರ; ಆದರೆ ಪುಲಕೇಶಿನಗರ ವಿಧಾನಸಭಾ ಕ್ಷೇತ್ರದಲ್ಲಿ ಮತ ಹಾಕುವ ಅಲ್ಲಿನವರಿಗೆ ಕಾಗದ ಬರುವುದು ‘ಫ್ರೇಜರ್ ಟೌನ್, 560005’ಕ್ಕೆ, ಯಾಕೆಂದರೆ ಅಂಚೆ ಕೇಂದ್ರದ್ದು, ಪಾಲಿಕೆ ರಾಜ್ಯದ್ದು. ಕ್ರಯಪತ್ರದ ಚೆಕ್ಕುಬಂದಿಯಲ್ಲಿ (ಎಲ್ಲೆಗಳ ವಿವರದಲ್ಲಿ) ‘ಉತ್ತರಕ್ಕೆ ಗ್ರಾಂಟ್ ರೋಡ್’ ಎಂದಿದ್ದು, ಪಾಲಿಕೆಯ ಆಸ್ತಿ ದಾಖಲೆಯಾದ ಇ-ಖಾತಾದಲ್ಲಿ ವಿಠ್ಠಲ್ ಮಲ್ಯ ರಸ್ತೆ ಎಂದಿದ್ದರೆ, ಸಾಲ ಕೊಡುವ ಬ್ಯಾಂಕಿನ ವಕೀಲರು ಎರಡೂ ಒಂದೇ ಎಂದು ತೋರಿಸುವ ಕಾಗದ ಕೇಳುತ್ತಾರೆ. ಅದನ್ನು ಕೊಡುವ ಒಂದೇ ಕಿಟಕಿ ಎಲ್ಲಿದೆ? ರಸ್ತೆಯ ಹೆಸರು ಬದಲಾದರೂ ಆಸ್ತಿಯನ್ನು ಗುರುತಿಸುವ ಪಿಐಡಿ ಸಂಖ್ಯೆ, ವಿದ್ಯುತ್ ಸಂಪರ್ಕದ ಆರ್.ಆರ್. ಸಂಖ್ಯೆ ಬದಲಾಗುವುದಿಲ್ಲ, ಸದ್ಯ ಮರ್ಯಾದೆ ಉಳಿಸಿರುವುದು ಅವೇ.

ಕಾಗುಣಿತದ ತಾಪತ್ರಯವೂ ಕಡಿಮೆಯಲ್ಲ. ಕಾರ್ಯಪ್ಪ, ಕಾರಿಯಪ್ಪ, ಕಾರಿಅಪ್ಪ ಎಂದು ಮೂರು ಬಗೆಯಲ್ಲಿ ಬರೆದರೆ ಮನುಷ್ಯರಿಗೆ ಅರ್ಥವಾದೀತು, ಕಂಪ್ಯೂಟರಿಗೆ ಅವು ಮೂರು ರಸ್ತೆಗಳು. ರಸ್ತೆಯ ಅರ್ಧಕ್ಕೆ ಮಾತ್ರ ಹೆಸರಿಟ್ಟು ಎಲ್ಲಿಂದ ಎಲ್ಲಿಗೆ ಎಂದು ಬರೆಯದೇ ಬಿಟ್ಟರಂತೂ ಆಂಬುಲೆನ್ಸ್ ತಪ್ಪು ತಿರುವಿನಲ್ಲಿ ನಿಲ್ಲುತ್ತದೆ. ನಗರದ ಒಂದು ಪಾಲಿಕೆ ಒಡೆದು ಐದಾಗಿರುವ ಈ ಹೊತ್ತಿನಲ್ಲಿ ಗಡಿ ದಾಟುವ ರಸ್ತೆಗೆ ಆ ಕಡೆ ಒಂದು, ಈ ಕಡೆ ಒಂದು ಹೆಸರು ಬೀಳುವ ಅಪಾಯ ಹೊಸದಾಗಿ ಸೇರಿದೆ.

ಆದ್ದರಿಂದ ಮುಂದಿನ ಯಾವ ಕಡತವೂ ಬರೀ ನಿರ್ಣಯದ ಪ್ರತಿಯೊಂದಿಗೆ ನಿಮ್ಮ ಮೇಜಿಗೆ ಬರದಿರಲಿ. ರಸ್ತೆ ಶುರುವಾಗುವ ಮತ್ತು ಮುಗಿಯುವ ಜಂಕ್ಷನ್ನುಗಳು, ನಡುವಿನ ಆಸ್ತಿಗಳ ಪಿಐಡಿ ಪಟ್ಟಿ, ಕನ್ನಡ ಮತ್ತು ಇಂಗ್ಲಿಷಿನಲ್ಲಿ ಒಂದೊಂದೇ ಕಾಗುಣಿತ ಅದರಲ್ಲಿರಬೇಕು. ಊರಲ್ಲಿ ಅದೇ ಹೆಸರಿನ ಇನ್ನೊಂದು ರಸ್ತೆ ಇದೆಯೇ ಎಂಬ ತಪಾಸಣೆಯೂ ಬೇಕು. ಆಕ್ಷೇಪಣೆಯ ನೋಟಿಸು ಪತ್ರಿಕೆಯ ಮೂಲೆಗೆ ಸೀಮಿತವಾಗದೆ ಆ ರಸ್ತೆಯ ಎರಡೂ ತುದಿಯಲ್ಲಿ ಕಾಣಲಿ. ಆದೇಶ ಹೊರಟ ದಿನವೇ ಅಂಚೆ, ಬೆಸ್ಕಾಂ, ಜಲಮಂಡಳಿ, ಉಪನೋಂದಣಿ ಕಚೇರಿ, ಬಿಎಂಟಿಸಿ, ಪೊಲೀಸ್ ನಿಯಂತ್ರಣ ಕೊಠಡಿ, 108 ಮತ್ತು ನಕ್ಷೆ ಕಂಪನಿಗಳಿಗೆ ಒಂದೇ ನಮೂನೆಯಲ್ಲಿ ತಿಳಿಸಿ. ಬೋರ್ಡಿನಲ್ಲಿ ಹೊಸ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಹಿಂದೆ: ಇನ್‌ಫೆಂಟ್ರಿ ರೋಡ್’ ಎಂದಿರಲಿ, ಅಳಿಸಬೇಡಿ. ಹಳೆ ಹೆಸರು, ಹೊಸ ಹೆಸರು, ಆದೇಶದ ದಿನಾಂಕ ಇರುವ ನಾಮಕರಣ ವಹಿಯೊಂದು ಎಲ್ಲರಿಗೂ ಕಾಣುವಂತೆ ಜಾಲತಾಣದಲ್ಲಿದ್ದರೆ ವಕೀಲರ ಪ್ರಶ್ನೆಗೆ ಅದರ ಮುದ್ರಿತ ಪ್ರತಿಯೇ ಉತ್ತರ.

ವಸಾಹತು ಕಾಲದ ಹೆಸರುಗಳೆಲ್ಲ ಇರಲೇಬೇಕೆಂದು ನಾವು ಹೇಳುತ್ತಿಲ್ಲ. ಆದರೆ ರೂಢಿಯಾದ ಹೆಸರನ್ನು ಆದಷ್ಟೂ ಬದಲಿಸಬೇಡಿ ಎಂದು ಊರುಗಳ ವಿಷಯದಲ್ಲಿ ಕೇಂದ್ರ ಗೃಹ ಸಚಿವಾಲಯ 1953ರಲ್ಲೇ ಹೇಳಿತ್ತು. ರಸ್ತೆಗೂ ಆ ತರ್ಕ ಸಲ್ಲುತ್ತದೆ. ಮಹನೀಯರನ್ನು ಗೌರವಿಸಲು ಜಾಗಕ್ಕೇನೂ ಬರವಿಲ್ಲ. ಬಡಾವಣೆಗಳಲ್ಲಿ ‘3ನೇ ಮುಖ್ಯರಸ್ತೆ, 7ನೇ ಅಡ್ಡರಸ್ತೆ’ಗಳು ಲೆಕ್ಕವಿಲ್ಲದಷ್ಟಿವೆ, ಒಂದೇ ಸಂಖ್ಯೆ ಬಡಾವಣೆಗೊಂದರಂತೆ ಮರುಕಳಿಸಿ ಕೊರಿಯರ್ ಹುಡುಗರನ್ನು ಅಲೆಸುತ್ತಿದೆ. ಅಲ್ಲಿ ಹೆಸರಿಟ್ಟರೆ ಯಾವ ಹೆಸರನ್ನೂ ಅಳಿಸಬೇಕಿಲ್ಲ.

ಇನ್ನು ಕನ್ನಡದ ಹೆಸರೇ ಬೇಕೆಂದರೆ, ಅವೆನ್ಯೂ ರಸ್ತೆ ಹಿಂದೆ ದೊಡ್ಡಪೇಟೆ ಆಗಿತ್ತು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎದ್ದ ಮೆಜೆಸ್ಟಿಕ್ ಬಸ್ ನಿಲ್ದಾಣದ ಬಳಿ ‘ಟ್ಯಾಂಕ್ ಬಂಡ್ ರೋಡ್’ ಎಂಬ ಬೋರ್ಡಿದೆ. ಅದನ್ನು ‘ಕೆರೆ ಏರಿ ರಸ್ತೆ’ ಎಂದು ಬರೆಸುವುದರಿಂದಲೇ ಶುರು ಮಾಡಬಹುದು.

ಇಂತಿ,
ನಗರದ ನಕ್ಷೆ, ವಿಳಾಸ, ಆಸ್ತಿಪತ್ರಗಳ ಕೆಲಸದಲ್ಲಿರುವವರು
ಬೆಂಗಳೂರು