ಲಾಭದ ಅಂಕಿಯ ಹಿಂದಿನ ಲೆಕ್ಕ

ಮಾನ್ಯ ಸಂಪಾದಕರೇ,

ನಾನು ಸದಸ್ಯನಾಗಿರುವ ಸಹಕಾರಿ ಬ್ಯಾಂಕೊಂದರ ವಾರ್ಷಿಕ ವರದಿ ಕಳೆದ ವಾರ ಮಾಟುಂಗಾದ ಮನೆಗೆ ಬಂತು. ಮೊದಲ ಪುಟದಲ್ಲೇ ನಿವ್ವಳ ಲಾಭ ದಪ್ಪಕ್ಷರದಲ್ಲಿದೆ. ವಸೂಲಾಗದ ಸಾಲದ ಮೊತ್ತ ಹುಡುಕಲು ಕೊನೆಯ ಅನುಬಂಧದವರೆಗೆ ಪುಟ ಮಗುಚಬೇಕಾಯಿತು. ನಮ್ಮ ಕನ್ನಡ ಸಂಘದ ಅನೇಕ ಹಿರಿಯರು ನಿವೃತ್ತಿಯ ಹಣವನ್ನು ಇಂಥ ಬ್ಯಾಂಕುಗಳಲ್ಲೇ ಇಟ್ಟಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಕಂತು 90 ದಿನ ಮೀರಿ ಬಾಕಿ ಉಳಿದರೆ ಸಾಲ ಅನುತ್ಪಾದಕವೆನಿಸುತ್ತದೆ. ಆಮೇಲೆ ಅದರ ಬಡ್ಡಿಯನ್ನು ಕೈಗೆ ಬರುವವರೆಗೆ ಆದಾಯವೆಂದು ತೋರಿಸುವಂತಿಲ್ಲ, ಮೇಲಾಗಿ ಸಂಭವನೀಯ ನಷ್ಟಕ್ಕೆಂದು ಲಾಭದಿಂದಲೇ ಹಣ ತೆಗೆದಿಡಬೇಕು. ಹೀಗೆ ಒಂದೇ ಕೆಟ್ಟ ಸಾಲ ಲಾಭವನ್ನು ಎರಡು ಕಡೆಯಿಂದ ಕೊರೆಯುತ್ತದೆ. ಆಡಳಿತದ ದಕ್ಷತೆ ಅಳೆಯಲು ವೆಚ್ಚ–ಆದಾಯ ಅನುಪಾತವಿದೆ, ಅಂದರೆ ಪ್ರತಿ ನೂರು ರೂಪಾಯಿ ಆದಾಯಕ್ಕೆ ಬ್ಯಾಂಕ್ ನಡೆಸುವ ಖರ್ಚು ಎಷ್ಟೆಂಬ ಲೆಕ್ಕ; ಅದು ಕಡಿಮೆಯಿದ್ದಷ್ಟೂ ದಕ್ಷತೆ ಹೆಚ್ಚೆಂದು ಎಣಿಸುತ್ತಾರೆ. ಆದರೆ ಸಾಲದ ಅರ್ಜಿ ಪರಿಶೀಲಿಸುವ ಸಿಬ್ಬಂದಿಯನ್ನೇ ಕಡಿಮೆ ಮಾಡಿ ಆ ಅನುಪಾತ ಇಳಿಸುವುದು ದಕ್ಷತೆಯಲ್ಲವೆಂಬುದು ನನ್ನ ದೃಢ ಅಭಿಪ್ರಾಯ.

2019ರ ಸೆಪ್ಟೆಂಬರಿನಲ್ಲಿ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಠೇವಣಿದಾರರು ಮೊದಲಿಗೆ ಹಿಂಪಡೆಯಬಹುದಾಗಿದ್ದುದು ಕೇವಲ 1,000 ರೂಪಾಯಿ. ಸಾಲದ ಬಹುಪಾಲು ಒಂದೇ ಕಟ್ಟಡ ನಿರ್ಮಾಣ ಸಮೂಹಕ್ಕೆ ಹೋಗಿತ್ತು; ಆದರೂ ಬ್ಯಾಂಕಿನ ವರದಿ ಲಾಭವನ್ನೇ ತೋರಿಸಿತ್ತು. 2020ರ ಫೆಬ್ರವರಿಯಲ್ಲಿ ಠೇವಣಿ ವಿಮೆ 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿತು, ನಿಜ. ಅದಕ್ಕಿಂತ ಹೆಚ್ಚು ಇಟ್ಟವರ ಗತಿಯೇನು?

ಅನುತ್ಪಾದಕ ಸಾಲ, ವೆಚ್ಚದ ಅನುಪಾತ ಮತ್ತು ಅತಿ ದೊಡ್ಡ ಸಾಲಗಾರರ ಒಟ್ಟು ಪಾಲನ್ನು ಲಾಭದ ಪಕ್ಕದಲ್ಲೇ, ಮೊದಲ ಪುಟದಲ್ಲೇ ಮುದ್ರಿಸುವಂತೆ ಸದಸ್ಯರು ಈ ಸಲದ ಸರ್ವಸಾಧಾರಣ ಸಭೆಯಲ್ಲಿ ಠರಾವು ಮಂಡಿಸಬೇಕೆಂದು ಕೋರುತ್ತೇನೆ.

– ಒಬ್ಬ ಠೇವಣಿದಾರ, ಮಾಟುಂಗಾ, ಮುಂಬೈ