ಹಳೇ ಸೀರೆ ಪಾತ್ರೆಯವಳಿಗೆ ಹಾಕಬೇಡ ಅವ್ವಾ

ಲಿಂಕನ್, ನೆಬ್ರಾಸ್ಕಾ
ಜನವರಿ, ಭಾನುವಾರ ರಾತ್ರಿ

ಅವ್ವಾ,

ನಾನು ಕ್ಷೇಮ. ಹೊರಗೆ ಮೈನಸ್ 18 ಡಿಗ್ರಿ, ಒಳಗೆ ಹೀಟರ್ ಇದೆ, ಚಿಂತೆ ಮಾಡಬೇಡ. ಮೊನ್ನೆ ಫೋನಿನಲ್ಲಿ "ಅಟ್ಟದ ಮೇಲಿನ ಸೀರೆ ಗಂಟು ಪಾತ್ರೆಯವಳಿಗೆ ಹಾಕಿ ಒಂದು ಸ್ಟೀಲ್ ಡಬ್ಬಿ ತಗೋತೀನಿ" ಅಂದೆಯಲ್ಲ, ಆಗ ಬಸ್ಸಿನಲ್ಲಿದ್ದೆ, ಏನೂ ಹೇಳಕ್ಕಾಗಲಿಲ್ಲ. ದಯವಿಟ್ಟು ಹಾಕಬೇಡ. ಅದಕ್ಕೇ ಈ ಕಾಗದ.

ಗುರುವಾರ ಗುರುವಾರ ಇಲ್ಲಿನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಕ್ವಿಲ್ಟ್ ಹೊಲಿಯೋ ಹೆಂಗಸರು ಸೇರ್ತಾರೆ. ನನ್ನ ಬಿಟ್ಟರೆ ಎಲ್ಲರೂ ಅರವತ್ತು ದಾಟಿದವರು. ಕ್ವಿಲ್ಟ್ ಅಂದ್ರೆ ಬಟ್ಟೆ ತುಂಡು ಕೂಡಿಸಿ ಹೊಲಿಯೋ ಹೊದಿಕೆ, ನಮ್ಮ ಕೌದಿಯೇ, ಆದರೆ ದುಡ್ಡಿರೋರ ಕೌದಿ. ಹೊಸ ಬಟ್ಟೆ ಕೊಂಡು, ಚೂರುಚೂರು ಕತ್ತರಿಸಿ, ಮತ್ತೆ ಕೂಡಿಸ್ತಾರೆ! ಅಜ್ಜಿ ನೋಡಿದ್ರೆ "ಇವಕ್ಕೇನು ಹುಚ್ಚು ಹಿಡಿದೈತಾ" ಅಂತಿದ್ದಳು. ಮೇಲೊಂದು ಪದರ, ಕೆಳಗೊಂದು, ನಡುವೆ ಹತ್ತಿ ಹಾಸು. ಆ ನಡುವಿನ ಪದರಕ್ಕೆ ಬ್ಯಾಟಿಂಗ್ ಅಂತಾರೆ. ಅಂಗಡಿಗೆ ಹೋಗಿ ಬ್ಯಾಟಿಂಗ್ ತಂದೆ ಅಂದಾಗ ತಮ್ಮ ನಕ್ಕಿದ್ದೇ ನಕ್ಕಿದ್ದು. ಹೊಲಿಗೆ ಅಂಚು ಸರಿಯಾಗಿ ಕಾಲು ಇಂಚು ಇರಬೇಕು, ಕೂದಲೆಳೆ ತಪ್ಪಿದರೂ ಮೂಲೆ ಕೂಡಲ್ಲ. ಮೊದಲ ಮೂರು ತಿಂಗಳು ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ.

ನನ್ನ ಪಕ್ಕ ಕೂರೋದು ಎಂಬತ್ತೆರಡರ ಒಬ್ಬ ಮುದುಕಿ. ತೀರಿಹೋದ ಗಂಡನ ಅಂಗಿಗಳನ್ನೆಲ್ಲ ಕತ್ತರಿಸಿ ಹೊಲೀತಿದ್ದಾಳೆ. ಜೇಬುಗಳನ್ನ ಬಿಚ್ಚದೆ ಹಾಗೇ ಉಳಿಸಿಕೊಂಡಿದ್ದಾಳೆ. ಒಂದು ಜೇಬಿನ ಮೂಲೇಲಿ ಪೆನ್ನು ಸೋರಿದ ನೀಲಿ ಕಲೆ. ಮಾತಾಡ್ತಾ ಮಾತಾಡ್ತಾ ಅವಳ ಹೆಬ್ಬೆರಳು ಅಲ್ಲಿಗೇ ಹೋಗುತ್ತೆ. ಸೂಜಿ ಒತ್ತೋ ಬೆರಳಿಗೆ ಹಾಕೋ ಟೋಪಿ ನನಗೆ ಕೊಟ್ಟವಳೂ ಅವಳೇ. ಅವಳ ಬಿಳಿ ಬಟ್ಟೆಗೆ ನಾನು ಒಂದು ಇಳಕಲ್ ಸೀರೆಯ ಕೆಂಪು ತುಂಡು ಸೇರಿಸಿ, ತೊಳೆದಾಗ ಎಲ್ಲಾ ಗುಲಾಬಿ ಆಗಿಹೋಯ್ತು. ನನಗೆ ಕಣ್ಣಲ್ಲಿ ನೀರು. ಅವಳು ಬೆಳಕಿಗೆ ಹಿಡಿದು ನೋಡಿ, "ಸೂರ್ಯಾಸ್ತ ಅಂತ ಹೆಸರಿಡು, ಬಹುಮಾನ ಬರುತ್ತೆ" ಅಂದಳು.

ಕ್ವಿಲ್ಟಿಗೇ ಅಂತ ಈ ಊರಲ್ಲಿ ವಿಶ್ವವಿದ್ಯಾಲಯದ ಮ್ಯೂಸಿಯಂ ಇದೆ. 1997ರಲ್ಲಿ ಒಬ್ಬ ದಂಪತಿ ತಮ್ಮ ಹತ್ತಿರಹತ್ತಿರ ಸಾವಿರ ಕ್ವಿಲ್ಟ್ ಕೊಟ್ಟಿದ್ದರಿಂದ ಶುರುವಾದದ್ದು. ಅಲಬಾಮಾದ ಗೀಸ್ ಬೆಂಡ್ ಅನ್ನೋ ಹಳ್ಳಿಯ ಕಪ್ಪು ಹೆಂಗಸರು ಹೊಲದಲ್ಲಿ ದುಡಿದು ಸವೆದ ಪ್ಯಾಂಟು, ಅಂಗಿಗಳಿಂದಲೇ ಹೊಲೀತಿದ್ರಂತೆ, ಥೇಟ್ ನಮ್ಮ ಹಂಗೆ. 2006ರಲ್ಲಿ ಅವರ ಕ್ವಿಲ್ಟುಗಳು ಅಂಚೆ ಚೀಟಿ ಮೇಲೆ ಬಂದವು. ಅಜ್ಜಿ ಕೌದಿ ನಾವೇನು ಮಾಡಿದ್ವಿ, ನೆನಪೈತಾ? ನಾಯಿಗೆ ಹಾಸಿದ್ವಿ.

ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು, ನಮ್ಮಜ್ಜ ಹತ್ತಿ ಮಿಲ್ಲಿಗೆ ಹೋಗ್ತಿದ್ದ, ಅಜ್ಜಿ ಸೈರನ್ ಕೇಳಿಯೇ ಒಲೆ ಹಚ್ಚುತಿದ್ದಳು ಅಂತ ಚರ್ಚಿನ ಹೆಂಗಸರಿಗೆ ಹೇಳಿದೆ. ಸುತ್ತ ಅಷ್ಟು ಮಿಲ್ ಇಟ್ಕೊಂಡು ಹಳೇ ಸೀರೆ ಯಾಕೆ ಹೊದೀತಿದ್ರಿ ಅಂತ ಕೇಳಿದ್ರು. ಇಪ್ಪತ್ತು ವರ್ಷ ಒಗೆದ ಸೀರೆಯಷ್ಟು ಮೆತ್ತಗೆ ಯಾವ ಮಿಲ್ಲಿನ ಬಟ್ಟೆ ಇರುತ್ತೆ ಹೇಳು.

ಇವರು ನಡುವಿನಿಂದ ಹೊರಗೆ ಹೊಲೀತಾ ಹೋಗ್ತಾರೆ, ಸುಕ್ಕು ಬೀಳಬಾರದು ಅಂತ. ಅಜ್ಜಿ ಅಂಚಿನಿಂದ ಶುರು ಮಾಡಿ ಸುತ್ತು ಬಂದು ಬಂದು ಒಳಗೆ ಸೇರ್ತಿದ್ದಳು. ಅದನ್ನೇ ತೋರಿಸ್ತೀನಿ ಅಂತ ಜಂಬದಿಂದ ಕೂತೆ. ಮೊದಲ ಮೂಲೆಗೇ ಸಿಕ್ಕಿಬಿದ್ದೆ. ದಾರ ಹೆಂಗೆ ತಿರುಗಿಸ್ತಿದ್ದಳು? ಪಕ್ಕದಲ್ಲೇ ಬೆಳೆದೆ, ಒಂದು ದಿನ ನೋಡಲಿಲ್ಲ.

ಹರಿಹರದ ದೊಡ್ಡಮ್ಮನಿಗೆ ಗೊತ್ತಿರುತ್ತೆ. ಅವಳ ಕೈ ಮಾತ್ರ ಕಾಣೋ ಹಂಗೆ ವಿಡಿಯೋ ಮಾಡಿಸಿ ಕಳಿಸು, ಮುಖ ತೋರಿಸಲ್ಲ ಅಂದ್ರೆ ಒಪ್ತಾಳೆ. ಗಂಟಿನ ಸೀರೆಗಳಲ್ಲಿ ನೂಲಿನವು ನನಗೆ ಕಳಿಸಿದರೆ ಸಾಕು. ನಿನ್ನ ಮೊಳಕಾಲ್ಮೂರು ರೇಷ್ಮೆ ಕಳಿಸಬೇಡ, ಉಡು. ನೂಲಿನವನ್ನ ಮೊದಲು ಉಪ್ಪುನೀರಲ್ಲಿ ನೆನೆಸಿ ಬಣ್ಣ ಬಿಡುತ್ತಾ ನೋಡು, ಇನ್ನೊಂದು ಸೂರ್ಯಾಸ್ತ ನನ್ನ ಕೈಲಾಗಲ್ಲ.

ಕೊನೇಲಿ ಉಳಿಯೋ ನಡುವಿನ ಜಾಗ ಕೌದಿಯ ಹೊಟ್ಟೆ, ಅದನ್ನ ಖಾಲಿ ಬಿಡಬಾರದು ಅಂತ ಅಜ್ಜಿ ಹೋಳಿಗೆ ಚೂರು ಇಡ್ತಿದ್ದಳಲ್ಲ? ಮುದುಕಿಗೆ ಹೇಳಿದೆ. ಹೋಳಿಗೆ ಇಟ್ರೆ ಇರುವೆ ಬರುತ್ತೆ ಅಂತ ಅವಳ ಕ್ವಿಲ್ಟಿನ ನಡುವೆ 25 ಸೆಂಟಿನ ಒಂದು ನಾಣ್ಯ ಇಟ್ಟು ಹೊಲಿದುಬಿಟ್ಟಳು. ಈಗ ಮೆಷಿನ್ನಿಗೆ ಹಾಕಿದಾಗೆಲ್ಲ ಟಣ್ ಟಣ್ ಅನ್ನುತ್ತಂತೆ.

ನಿನ್ನ ಮಗಳು